ಮಾನಸಿಕ ಒತ್ತಡ, ದೇಹತೂಕ ಮತ್ತು ಯೋಗ

ಮಳೆ ಕೈಕೊಟ್ಟಾಗ, ಕಾಡುಪ್ರಾಣಿಗಳಿಂದ ಬೆಳೆ ಹಾನಿಯಾದಾಗ ಮಾರ್ಟಳ್ಳಿಯಂತಹ ಕಾಡಂಚಿನ ಗ್ರಾಮಗಳ ಕುಟುಂಬಗಳನ್ನು ಕಾಡುವ ಚಿಂತೆಯು ದೇಹತೂಕದ ಮೇಲೂ ಪರಿಣಾಮ ಬೀರಬಲ್ಲದು. ಒತ್ತಡವು ದೀರ್ಘಕಾಲ ಮುಂದುವರಿದರೆ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಿ, ಸಿಹಿ ಮತ್ತು ಕರಿದ ತಿನಿಸುಗಳ ಬಯಕೆ ಮೂಡಿ, ಹೊಟ್ಟೆಯ ಸುತ್ತ ಕೊಬ್ಬು ಶೇಖರವಾಗಬಹುದು. ಕೆಲವರಲ್ಲಿ ಹಸಿವು ಕುಂದಿ ತೂಕ ಇಳಿಯುವುದೂ ಉಂಟು.

ನಿಧಾನವಾದ ಉಸಿರಾಟ, ಸರಳ ಆಸನಗಳು ಹಾಗೂ ಶವಾಸನವು ಒತ್ತಡವನ್ನು ತಗ್ಗಿಸಿ ನಿದ್ರೆಯನ್ನು ಸುಧಾರಿಸಲು ನೆರವಾಗುತ್ತವೆ. ಆದರೆ ಯೋಗವು ಹಿತಮಿತ ಆಹಾರಕ್ಕಾಗಲೀ ಚಿಕಿತ್ಸೆಗಾಗಲೀ ಬದಲಿಯಲ್ಲ. ಕಾರಣವಿಲ್ಲದೆ ತೂಕ ಇಳಿದಲ್ಲಿ ಕ್ಷಯ, ಮಧುಮೇಹಗಳ ತಪಾಸಣೆ ಮೊದಲು ಆಗಬೇಕು.

ಮಾನ್ಯ ಸದಸ್ಯರು ಜೂನ್ 21ರ ಯೋಗ ದಿನಾಚರಣೆಗೆ ಸೀಮಿತರಾಗದೆ, ನಿತ್ಯಾಭ್ಯಾಸಕ್ಕೆ ಪಂಚಾಯಿತಿ ಸಭಾಂಗಣ ಅಥವಾ ಶಾಲಾ ಆವರಣದಲ್ಲಿ ಅವಕಾಶ ಕಲ್ಪಿಸುವುದು; ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರ ಮಾಹಿತಿಯನ್ನು ಗ್ರಾಮಸಭೆಯಲ್ಲಿ ತಿಳಿಸುವುದು.