ಉದುರಿದ ಹಣ್ಣು ಕೋಳಿಗೆ ಊಟವೋ, ಕಂಟಕವೋ?

ಕಲಘಟಗಿ: ಅಡ್ಡಮಳೆ ಬೀಸಿ ಹೋದ ಮರುದಿನ ಈ ಭಾಗದ ತೋಟಗಳಲ್ಲಿ ಮಾವು ರಾಶಿಗಟ್ಟಲೆ ಉದುರಿ ಬಿದ್ದಿರುತ್ತದೆ. ಮನುಷ್ಯರು ಚೀಲ ಹಿಡಿದು ಬರುವುದರೊಳಗೆ ಕೋಳಿಗಳು ಹಾಜರು! ಒಡೆದ ಹಣ್ಣಿಗೆ ಬಾಯಿ ಹಾಕಿ ಗೊರಟ ಕಾಣುವವರೆಗೂ ಕುಕ್ಕುತ್ತವೆ. ಅದೇ ವಾರ ಓಣಿಯಲ್ಲಿ ನಾಲ್ಕು ಕೋಳಿ ಸತ್ತರೆ ಮುಗಿಯಿತು. "ಹಣ್ಣ ತಿಂದ ಸತ್ತಾವ ನೋಡ್ರಿ" ಎಂಬ ತೀರ್ಪು ಕಟ್ಟೆಯ ಮೇಲೆ ಕೂತವರಿಂದಲೇ ಬರುತ್ತದೆ.

ಇದು ಬರೀ ಕಟ್ಟೆಯ ಹರಟೆಯಲ್ಲ. ತತ್ತಿ ಮಾರಿದ ರೊಕ್ಕ ಮನೆಯ ಹೆಣ್ಣುಮಗಳ ಕೈಯಾಗಿನ ರೊಕ್ಕ. ಸಂತೆಯ ಉಪ್ಪು, ಎಣ್ಣೆ, ಮಕ್ಕಳ ಪಾಟಿ-ಪುಸ್ತಕ ಅದರಿಂದಲೇ ಆಗಬೇಕು.

ನಿಜ ಹೇಳಬೇಕೆಂದರೆ ಹಣ್ಣಿನದೇನೂ ತಪ್ಪಿಲ್ಲ. ಮಾವು, ಪೇರಲ, ನೇರಳೆ, ಬಾರಿಹಣ್ಣು ಯಾವುದರ ತಿರುಳೂ ಕೋಳಿಗೆ ವಿಷವಲ್ಲ. ಉಪಕಾರವೂ ಉಂಟು. ಉದುರಿದ ಮಾವು, ಪೇರಲದಲ್ಲಿ ಹಣ್ಣುನೊಣದ ಹುಳ ಇರುತ್ತದೆ. ಅದು ಹಣ್ಣಿನಿಂದ ಹೊರಬಿದ್ದು ಮಣ್ಣಿನಲ್ಲಿ ಕೋಶವಾಗಿ, ಮತ್ತೆ ನೊಣವಾಗಿ ಮೇಲೇಳುತ್ತದೆ. ಕೋಳಿ ಕೆದರಿ ಹುಳ ತಿಂದರೆ ತೋಟಿಗನಿಗೂ ಲಾಭ, ಕೋಳಿಗೂ ಲಾಭ.

ಹಾಗಾದರೆ ಕೋಳಿ ಸಾಯುವುದೇಕೆ? ಬಹಳ ಸಲ ಅದು ಕೊಕ್ಕರೆ ರೋಗ. ಬೇಸಿಗೆಯಲ್ಲಿ ಇದರ ಹಾವಳಿ ಹೆಚ್ಚು. ಮಾವು ಉದುರುವುದೂ ಅದೇ ಕಾಲಕ್ಕೆ. ಅಪವಾದ ಮಾತ್ರ ಹಣ್ಣಿಗೆ! ನೇರಳೆ ತಿಂದ ಕೋಳಿಯ ಹಿಕ್ಕೆ ನೀಲಿಯಾದರೆ ಗಾಬರಿ ಬೇಡ. ಆದರೆ ಹಿಕ್ಕೆ ಹಸಿರಾಗಿ, ಕೋಳಿ ತೂಕಡಿಸಿ, ಉಸಿರಿಗೆ ಬಾಯಿ ತೆರೆದು, ಕತ್ತು ತಿರುಚಿದರೆ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಬೇಕು. ಈ ರೋಗಕ್ಕೆ ಮದ್ದಿಲ್ಲ, ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಆರರಿಂದ ಎಂಟು ವಾರಕ್ಕೆ ಸೂಜಿ. ಹಣ್ಣನ್ನು ಬೈಯುತ್ತ ಕೂತವರು ಇದನ್ನೇ ಮರೆಯುತ್ತಾರೆ.

ಎರಡನೆಯ ವೈರಿ ಔಷಧ. ಮಾವಿನ ಜಿಗಿಹುಳಕ್ಕೆ ಹೊಡೆದ ಎಣ್ಣೆ ಹಣ್ಣಿನ ಸಿಪ್ಪೆಯ ಮೇಲೂ, ಗಿಡದ ಬುಡದ ಹುಲ್ಲಿನ ಮೇಲೂ ಇರುತ್ತದೆ. ಔಷಧ ಹೊಡೆದ ತೋಟಕ್ಕೆ ಡಬ್ಬಿಯ ಮೇಲೆ ಬರೆದಷ್ಟು ದಿನ ಕೋಳಿ ಬಿಡಬಾರದು. ನವಲಗುಂದ, ಅಣ್ಣಿಗೇರಿಯ ಹತ್ತಿ ಹೊಲಕ್ಕೂ ಇದೇ ಮಾತು.

ಮೂರನೆಯದು ಬೂಷ್ಟು. 1960ರಲ್ಲಿ ಇಂಗ್ಲಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅಫ್ಲಾಟಾಕ್ಸಿನ್ ಎಂಬ ವಿಷ ಜಗತ್ತಿಗೆ ಗೊತ್ತಾದದ್ದು ಹಾಗೆ. ಕುಂದಗೋಳದ ಶೇಂಗಾ ಆಗಲಿ, ಕಲಘಟಗಿಯ ಗೋವಿನಜೋಳ ಆಗಲಿ, ಬೂಷ್ಟು ಹಿಡಿದದ್ದನ್ನು "ಕೋಳಿಗೆ ಹಾಕಿದರಾತು" ಅನ್ನುವಂತಿಲ್ಲ. ಕೊಳೆತು ನಾರುವ ಹಣ್ಣು ತಿಪ್ಪೆಗೇ ಹೋಗಲಿ. ಹಿತ್ತಲಲ್ಲಿ ಔಡಲವಿದ್ದರೆ ಅದರ ಬೀಜ ಕೋಳಿಯ ಬಾಯಿಗೆ ಬೀಳಬಾರದು, ಅದು ನಿಜವಾದ ವಿಷ.

ಎರಿ ಸೀಮೆಯಲ್ಲಿ ಮಾವು ಕಡಿಮೆ, ಬೇವು ಹೆಚ್ಚು. ಬೇವಿನ ಹಣ್ಣು ಒಂದೆರಡು ಕುಕ್ಕಿದರೆ ಚಿಂತೆಯಿಲ್ಲ. ಆದರೆ ಹಸಿ ಬೇವಿನ ಹಿಂಡಿಯನ್ನೇ ಮೇವು ಮಾಡಿದರೆ ಕಹಿಗೆ ಕೋಳಿ ತಿನ್ನುವುದನ್ನೇ ಕಡಿಮೆ ಮಾಡುತ್ತದೆ, ತತ್ತಿಯೂ ಇಳಿಯುತ್ತದೆ.

ಹಣ್ಣು ಊಟವೂ ಅಲ್ಲ. ಮಾವು, ಪೇರಲದಲ್ಲಿ ನೂರಕ್ಕೆ ಎಂಬತ್ತು ಪಾಲು ನೀರು. ಹಣ್ಣಿನಿಂದಲೇ ಹೊಟ್ಟೆ ತುಂಬಿಸಿಕೊಂಡ ಕೋಳಿ ಕಾಳು ಬಿಡುತ್ತದೆ, ತತ್ತಿಯನ್ನೂ ಬಿಡುತ್ತದೆ. ಮುಂಜಾನೆ ಜೋಳ-ನುಚ್ಚು ಹಾಕಿ ಆಮೇಲೆ ತೋಟಕ್ಕೆ ಬಿಡುವುದು ಜಾಣತನ.

ಮುಂದಿನ ಅಡ್ಡಮಳೆಗೆ ಹಣ್ಣು ಉದುರಿಯೇ ಉದುರುತ್ತದೆ, ಕೋಳಿ ತಿಂದೇ ತಿನ್ನುತ್ತದೆ. ಅದಕ್ಕೂ ಮೊದಲು ಲಸಿಕೆ ಬಿದ್ದಿದ್ದರೆ ಸಾಕು, ಕಟ್ಟೆಯ ಪಂಚರಿಗೆ ತೀರ್ಪು ಕೊಡುವ ಕೆಲಸ ತಪ್ಪುತ್ತದೆ!