ರಾಜ್ಯಶಾಸ್ತ್ರ ಓದಿದ್ರೆ ಏನಾಗ್ತಾರೆ?

ಮಮದಾಪುರದ ಕೆರೆ ಏರಿ ಮೇಲೆ ನಿಂತಿದ್ವಿ. ಕೆರೆಗೆ ನೀರು ಬಂದ ಸುದ್ದಿ ಮಾಡೋಕೆ ಹೋಗಿದ್ದು. ಕ್ಯಾಮೆರಾ ಆಫ್ ಆದ ಮೇಲೆ ಹಿರಿಯ ರೈತರೊಬ್ಬರು ಹತ್ತಿರ ಬಂದರು. ಮಗಳು ಪಿಯುಸಿ ಪಾಸಾಗಿದ್ದಾಳೆ. ಬಿಎಗೆ ಸೇರ್ತೀನಿ, ರಾಜ್ಯಶಾಸ್ತ್ರ ತಗೋತೀನಿ ಅಂತ ಹಟ ಹಿಡಿದಿದ್ದಾಳೆ. ಅವರ ಪ್ರಶ್ನೆ ಒಂದೇ.

"ಸರ್, ರಾಜ್ಯಶಾಸ್ತ್ರ ಓದಿದ್ರ ಮುಂದೇನ್ರಿ? ಎಮ್ಮೆಲ್ಲೆ ಆಕ್ಕಾಳೇನ್ರಿ?"

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಆ ರೈತರು ಮಾತ್ರ ನಗಲಿಲ್ಲ. ಅವರಿಗೆ ಅದು ತಮಾಷೆಯ ಪ್ರಶ್ನೆ ಆಗಿರಲಿಲ್ಲ. ಮೂರು ವರ್ಷದ ಫೀಸು, ಬಸ್ಸಿನ ಪಾಸು, ಹಾಸ್ಟೆಲ್ಲಿನ ಖರ್ಚು, ಎಲ್ಲ ಲೆಕ್ಕ ಹಾಕಿ ಕೇಳಿದ ಪ್ರಶ್ನೆ ಅದು. ಅವತ್ತು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ಆಗಲಿಲ್ಲ. ಹಾಗಾಗಿ ಇವತ್ತು ಸ್ವಲ್ಪ ವಿವರವಾಗಿ ಹೇಳ್ತೀನಿ.

ಮೊದಲು ಒಂದು ಸತ್ಯ ಒಪ್ಪಿಕೊಳ್ಳೋಣ. ನಮ್ಮಲ್ಲಿ ಆರ್ಟ್ಸ್ ಅಂದ್ರೆ ಉಳಿದವರು ಹೋಗೋ ಜಾಗ ಅನ್ನೋ ಭಾವನೆ ಇದೆ. ಮಾರ್ಕ್ಸ್ ಬಂದರೆ ಸೈನ್ಸ್, ಸ್ವಲ್ಪ ಕಡಿಮೆ ಬಂದರೆ ಕಾಮರ್ಸ್, ಯಾವುದೂ ಇಲ್ಲ ಅಂದ್ರೆ ಬಿಎ. ಬಿಎ ಸೇರಿದ ಮೇಲೂ ಎಷ್ಟೋ ಮಕ್ಕಳು ವಿಷಯ ಆರಿಸೋದಿಲ್ಲ, ಕಾಂಬಿನೇಷನ್ ಆರಿಸ್ತಾರೆ. 'ಎಚ್‌ಇಪಿ' ಅಂತಾರೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಗೆಳತಿ ತಗೊಂಡಳು ಅಂತ ಇವಳೂ ತಗೋತಾಳೆ. ಆ ಕೊನೆಯ 'ಪಿ'ಯೊಳಗೆ ಏನಿದೆ ಅಂತ ಯಾರೂ ಕೂರಿಸಿಕೊಂಡು ಹೇಳೋದಿಲ್ಲ.

ಏನಿದೆ ಅಂತ ನೋಡೋಕೆ ಲೈಬ್ರರಿಗೆ ಹೋಗಬೇಕಾಗಿಲ್ಲ. ಮಮದಾಪುರದ ಕೆರೆ ಏರಿ ಸಾಕು.

ಈ ಕೆರೆ ಆದಿಲ್‌ಶಾಹಿಗಳ ಕಾಲದ್ದು. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್ ಶಾನ ಹೆಸರಲ್ಲೇ ಈ ಊರಿದೆ. ಗೋಳಗುಮ್ಮಟದಲ್ಲಿ ಮಲಗಿರುವವನು ಅವನೇ. ಅವನ ಕಾಲದಲ್ಲಿ ಕೆರೆ ಕಟ್ಟಬೇಕೋ ಬೇಡವೋ ಅನ್ನೋದನ್ನ ಯಾರು ತೀರ್ಮಾನ ಮಾಡ್ತಿದ್ರು? ಸುಲ್ತಾನ. ಜನ ಕೇಳಿಕೊಳ್ಳಬಹುದಿತ್ತು, ಕೇಳುವ ಹಕ್ಕಿರಲಿಲ್ಲ. ಅಧಿಕಾರ ಯಾರದ್ದು? ಜನ ಯಾಕೆ ಅದಕ್ಕೆ ತಲೆಬಾಗಬೇಕು? ರಾಜ್ಯಶಾಸ್ತ್ರದ ಮೊದಲ ಪಾಠವೇ ಇದು. ಪ್ಲೇಟೋ, ಅರಿಸ್ಟಾಟಲ್, ಕೌಟಿಲ್ಯ, ಹಾಬ್ಸ್, ಲಾಕ್, ರೂಸೋ, ಇವರೆಲ್ಲ ತಲೆ ಕೆಡಿಸಿಕೊಂಡಿದ್ದು ಇದೇ ಪ್ರಶ್ನೆಗೆ. ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನೂ 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಅದನ್ನ ಬೇರೆ ರೀತಿ ಕೇಳಿದ್ದರು. ಅವರ ಪ್ರಶ್ನೆ, ಮಾತಾಡುವ ಹಕ್ಕು ಯಾರಿಗೆ ಅನ್ನೋದು.

ಈಗ ಕೆರೆಯ ನೀರಿಗೆ ಬನ್ನಿ. ಈ ಭಾಗದಲ್ಲಿ ಮಳೆಯನ್ನ ನಂಬಿ ಕೂತರೆ ಕೆರೆ ತುಂಬಲ್ಲ. ಕೆರೆ ತುಂಬುವ ಯೋಜನೆಯಲ್ಲಿ ಕೃಷ್ಣೆಯ ನೀರನ್ನ ಪಂಪ್ ಮಾಡಿ ಮೇಲೆತ್ತಿ ತಂದು ಬಿಡ್ತಾರೆ. ಆ ನೀರು ಯಾರ ಅಧಿಕಾರಕ್ಕೆ ಸೇರಿದ್ದು? ಸಂವಿಧಾನದ 7ನೇ ಅನುಸೂಚಿ ತೆಗೆದು ನೋಡಿ. ನೀರು, ನೀರಾವರಿ, ಕಾಲುವೆ ರಾಜ್ಯ ಪಟ್ಟಿಯ 17ನೇ ನಮೂದು. ಆದರೆ ಹಲವು ರಾಜ್ಯಗಳಲ್ಲಿ ಹರಿಯುವ ನದಿ ಕೇಂದ್ರ ಪಟ್ಟಿಯ 56ನೇ ನಮೂದು. ಅಂದ್ರೆ ಕಾಲುವೆ ಬೆಂಗಳೂರಿನದ್ದು, ನದಿಯ ಮಾತು ಬಂದಾಗ ದೆಹಲಿಗೂ ಬಾಯಿ ಇದೆ. ಜಗಳ ಬಂದರೆ 262ನೇ ವಿಧಿ ಇದೆ, 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆ ಇದೆ, ನ್ಯಾಯಮಂಡಳಿ ಇದೆ.

ಜಗಳ ಬಂತಾ? ಬಂತು. ಬಚಾವತ್ ನ್ಯಾಯಮಂಡಳಿ 1973ರಲ್ಲಿ ತೀರ್ಪು ಕೊಡ್ತು. 2004ರಲ್ಲಿ ಎರಡನೇ ನ್ಯಾಯಮಂಡಳಿ ರಚನೆಯಾಯ್ತು. ಬ್ರಿಜೇಶ್ ಕುಮಾರ್ ಅದರ ಅಧ್ಯಕ್ಷರು. 2010ರಲ್ಲಿ ಅದು ಆಲಮಟ್ಟಿಯಲ್ಲಿ 519.60 ಮೀಟರ್ ಬದಲು 524.256 ಮೀಟರ್‌ವರೆಗೆ ನೀರು ನಿಲ್ಲಿಸೋಕೆ ಒಪ್ಪಿಗೆ ಕೊಡ್ತು. ಆಮೇಲೂ ಸುಪ್ರೀಂ ಕೋರ್ಟಿನಲ್ಲಿ ವ್ಯಾಜ್ಯ ಮುಂದುವರಿದು, ಕೇಂದ್ರದ ಅಧಿಸೂಚನೆ ವರ್ಷಗಟ್ಟಲೆ ಹೊರಬೀಳಲಿಲ್ಲ. ಆ ಐದು ಮೀಟರಿನೊಳಗಿನ ಅಂತರಕ್ಕಾಗಿ ಹಳ್ಳಿಗಳು ಮುಳುಗಬೇಕು, ಪರಿಹಾರ ಕೊಡಬೇಕು, ಹೊಲಕ್ಕೆ ನೀರು ಸಿಗಬೇಕು. ಪಠ್ಯಪುಸ್ತಕದಲ್ಲಿ ಇದಕ್ಕೆ 'ಒಕ್ಕೂಟ ವ್ಯವಸ್ಥೆ' ಅಂತ ಒಂದು ಅಧ್ಯಾಯ. ಹತ್ತು ಮಾರ್ಕಿನ ಪ್ರಶ್ನೆ. ಕೃಷ್ಣಾ ತೀರದ ರೈತನಿಗೆ ಅದು ಇಡೀ ಬದುಕು.

ಇನ್ನೂ ಕೆಳಗಿಳಿಯಿರಿ. ಕೆರೆಯ ಹೂಳು, ಮೀನು, ಕುಡಿಯುವ ನೀರು. ಇದೆಲ್ಲ ಯಾರ ಕೆಲಸ? 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದು ಸಂವಿಧಾನಕ್ಕೆ ಸೇರಿಸಿದ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಸಣ್ಣ ನೀರಾವರಿ ಅದರಲ್ಲಿದೆ, ಮೀನುಗಾರಿಕೆ ಇದೆ, ಕುಡಿಯುವ ನೀರಿದೆ. ಈ ಕೆಲಸಗಳನ್ನ ಪಂಚಾಯ್ತಿಗಳಿಗೆ ವಹಿಸಬಹುದು ಅಂತ ಸಂವಿಧಾನ ಹೇಳುತ್ತೆ. ಎಷ್ಟು ವಹಿಸಬೇಕು ಅನ್ನೋದನ್ನ ರಾಜ್ಯದ ಶಾಸನಸಭೆಯ ಕೈಗೆ ಬಿಟ್ಟಿದೆ. ಇಡೀ ಆಟ ಇರೋದೇ ಆ 'ಎಷ್ಟು' ಅನ್ನೋದರಲ್ಲಿ.

ಕರ್ನಾಟಕ ಇದರಲ್ಲಿ ಹಿಂದೆ ಬಿದ್ದ ರಾಜ್ಯ ಅಲ್ಲ ಅನ್ನೋದನ್ನೂ ಹೇಳಬೇಕು. 73ನೇ ತಿದ್ದುಪಡಿಗೆ ಮೊದಲೇ, 1983ರ ಕಾಯ್ದೆ ತಂದು, 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯ್ತಿ ಚುನಾವಣೆ ನಡೆಸಿದ ರಾಜ್ಯ ಇದು. ಅಬ್ದುಲ್ ನಜೀರ್ ಸಾಬ್ ಅವರ ಹೆಸರು ಹಳ್ಳಿಗಳಲ್ಲಿ ಇವತ್ತಿಗೂ ನೆನಪಿದೆ. ಅದೇ ರಾಜ್ಯದಲ್ಲಿ ಏನಾಯ್ತು ನೋಡಿ. 2016ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ಚುನಾವಣೆ ಆಯ್ತು. 2021ರಲ್ಲಿ ಅವಧಿ ಮುಗೀತು. ಆಮೇಲೆ ವರ್ಷಗಳು ಕಳೆದರೂ ಚುನಾವಣೆ ಇಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಅಂತ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತೆ. ಎಷ್ಟು ಜನ ಬೀದಿಗಿಳಿದರು? ಎಷ್ಟು ಜನ ಕೇಳಿದರು? ಕೇಳೋಕೆ ಮೊದಲು ಗೊತ್ತಿರಬೇಕಲ್ವಾ?

ಟಿವಿ ನೋಡುವವರಿಗೆ ಇನ್ನೊಂದು ಉದಾಹರಣೆ ಕೊಡ್ತೀನಿ. 2018ರ ಮೇ 19 ನೆನಪಿದೆಯಾ? ಇಡೀ ರಾಜ್ಯ ಟಿವಿ ಮುಂದೆ ಕೂತಿತ್ತು. ಸದನದಲ್ಲಿ ಬಹುಮತ ಸಾಬೀತು ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಘೋಷಿಸಿದರು. ನಾವು 'ಫ್ಲೋರ್ ಟೆಸ್ಟ್, ಫ್ಲೋರ್ ಟೆಸ್ಟ್' ಅಂತ ಬೆಳಗಿನಿಂದ ಕೂಗಿದ್ದೇ ಕೂಗಿದ್ದು. ಆ ಪದ ಎಲ್ಲಿಂದ ಬಂತು ಅಂತ ಎಷ್ಟು ಹೇಳಿದ್ವಿ? 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನ ವಜಾ ಮಾಡಿದರು. ಅವರು ಕೋರ್ಟಿಗೆ ಹೋದರು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಡ್ತು. ಬಹುಮತ ಇದೆಯೋ ಇಲ್ಲವೋ ಅನ್ನೋದು ರಾಜಭವನದಲ್ಲಿ ತೀರ್ಮಾನ ಆಗೋದಲ್ಲ, ಸದನದಲ್ಲಿ ಆಗಬೇಕು ಅಂತ. ಇಡೀ ದೇಶಕ್ಕೆ ಆ ನಿಯಮ ಬಂದಿದ್ದು ಕರ್ನಾಟಕದವರೊಬ್ಬರ ಕೇಸಿನಿಂದ. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಸಿಗಲಿಲ್ಲ. ಮುಂದೆ ಬಂದವರಿಗೆಲ್ಲ ರಕ್ಷಣೆ ಸಿಕ್ತು. ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಇದು ಗೊತ್ತಿರುತ್ತೆ. ಗೊತ್ತಿದ್ದವರಿಗೆ ನಮ್ಮಂಥ ಆಂಕರ್‌ಗಳು ಕೂಗಿದ್ದರಲ್ಲಿ ಎಷ್ಟು ನಿಜ, ಎಷ್ಟು ಸದ್ದು ಅನ್ನೋದೂ ಗೊತ್ತಾಗುತ್ತೆ.

ಸರಿ, ಜ್ಞಾನ ಆಯ್ತು. ಅನ್ನ?

ಆ ರೈತರ ಪ್ರಶ್ನೆಯ ಅಸಲಿ ಭಾಗ ಇದು. ನೇರವಾಗಿ ಹೇಳ್ತೀನಿ. ರಾಜ್ಯಶಾಸ್ತ್ರದ ಬಿಎ ಒಂದೇ ಕೈಯಲ್ಲಿಟ್ಟುಕೊಂಡು ಹೊರಬಂದರೆ ಕೆಲಸ ಹುಡುಕಿಕೊಂಡು ಬರಲ್ಲ. ಅದೊಂದು ಮೆಟ್ಟಿಲು. ಅಲ್ಲಿಂದ ದಾರಿಗಳಿವೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಸಾಮಾನ್ಯ ಅಧ್ಯಯನದ ಎರಡನೇ ಪತ್ರಿಕೆ ಬಹುತೇಕ ಇದೇ ವಿಷಯ. ಸಂವಿಧಾನ, ಆಡಳಿತ, ಅಂತರರಾಷ್ಟ್ರೀಯ ಸಂಬಂಧ. 250 ಅಂಕ. ಐಚ್ಛಿಕ ವಿಷಯವಾಗಿ ತಗೊಂಡರೆ ಇನ್ನೂ 500 ಅಂಕ. ಕನ್ನಡದಲ್ಲೇ ಬರೀಬಹುದು. ಕೆಎಎಸ್, ಪಿಡಿಒ ಪರೀಕ್ಷೆಗಳಿಗೆ ಯಾವುದೇ ಪದವಿ ನಡೆಯುತ್ತೆ. ಆದರೆ ಪಂಚಾಯತ್ ರಾಜ್ ಕಾಯ್ದೆಯನ್ನ ಮೂರು ವರ್ಷ ಓದಿದವರಿಗೂ ಮೂರು ತಿಂಗಳು ಕೋಚಿಂಗ್‌ನಲ್ಲಿ ಉರು ಹೊಡೆದವರಿಗೂ ವ್ಯತ್ಯಾಸ ಇರುತ್ತೆ. ಮೂರು ವರ್ಷದ ಎಲ್‌ಎಲ್‌ಬಿ ಮಾಡಿ ವಕೀಲರಾಗಬಹುದು. ಬಿಎಡ್ ಮಾಡಿ ಶಿಕ್ಷಕರಾಗಬಹುದು. ಎಂಎ ಜೊತೆ ಬಿಎಡ್ ಇದ್ದರೆ ಪಿಯು ಉಪನ್ಯಾಸಕರ ಹುದ್ದೆ, ನೆಟ್ ಅಥವಾ ಕೆ-ಸೆಟ್ ಪಾಸಾದರೆ ಡಿಗ್ರಿ ಕಾಲೇಜು. ಪತ್ರಿಕೋದ್ಯಮವೂ ಇದೆ. ಯಾವುದೂ ಸುಲಭ ಅಲ್ಲ, ಹುದ್ದೆಗಳು ಕಡಿಮೆ, ಸ್ಪರ್ಧೆ ಜಾಸ್ತಿ. ಸುಳ್ಳು ಭರವಸೆ ಕೊಡಲ್ಲ.

ಓದೋಕೆ ದೂರ ಹೋಗಬೇಕಾ? ಬೇಕಾಗಿಲ್ಲ. ಫ.ಗು. ಹಳಕಟ್ಟಿಯವರು 1910ರಲ್ಲಿ ಬಿಎಲ್‌ಡಿಇ ಸಂಸ್ಥೆ ಕಟ್ಟಿದ್ದೇ ಈ ಭಾಗದ ಮಕ್ಕಳು ಓದಲಿ ಅಂತ. ಹೆಣ್ಣುಮಕ್ಕಳಿಗಾಗಿ ವಿಜಯಪುರದಲ್ಲೇ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಶುರುವಾಯ್ತು, ಈಗ ಅಕ್ಕಮಹಾದೇವಿ ಹೆಸರಲ್ಲಿದೆ. ಸರ್ಕಾರಿ ಪದವಿ ಕಾಲೇಜುಗಳಿವೆ. ನಾಲ್ಕು ವರ್ಷದ ಪದವಿಯ ಗೊಂದಲವೂ ಈಗಿಲ್ಲ. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ.

ಕೊರತೆ ಬೇರೆ ಕಡೆ ಇದೆ. ಸಂವಿಧಾನವನ್ನ ಕಣ್ಣಲ್ಲಿ ನೋಡದೆ, ಪರೀಕ್ಷೆಯ ಹಿಂದಿನ ವಾರ ಗೈಡ್ ಓದಿ ರಾಜ್ಯಶಾಸ್ತ್ರದಲ್ಲಿ ಪಾಸಾಗಬಹುದು. 'ಪ್ರಜಾಪ್ರಭುತ್ವದ ಗುಣ-ದೋಷಗಳು' ಅಂತ ಪಾಯಿಂಟ್ ಹಾಕಿ ಬರೆದರೆ ಮಾರ್ಕ್ಸ್ ಬರುತ್ತೆ. ಅಂಥ ಪದವಿಯಿಂದ ಆ ರೈತರಿಗೆ ನಷ್ಟವೇ. ಹಾಗಾಗಿ ಆ ಹುಡುಗಿಗೆ ಮೂರು ಮಾತು ಹೇಳಬೇಕು ಅನ್ನಿಸುತ್ತೆ.

ಒಂದು, ಸಂವಿಧಾನದ ಕನ್ನಡ ಪ್ರತಿ ತಗೋ. ದಿನಕ್ಕೆ ಎರಡು ವಿಧಿ ಓದು. ಎರಡು, ಊರಿನ ಗ್ರಾಮಸಭೆಗೆ ಹೋಗು. ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಅದು ನಡೀಬೇಕು. ನಡೆಯದೆ ಬರೀ ಪುಸ್ತಕದಲ್ಲಿ ಸಹಿ ಬಿದ್ದಿದ್ದರೆ ಅದೂ ನಿನಗೊಂದು ಪಾಠ. ಮೂರು, ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕು. ನಮ್ಮೂರ ಕೆರೆಗೆ ಕಳೆದ ವರ್ಷ ಎಷ್ಟು ಖರ್ಚಾಯ್ತು ಅಂತ ಕೇಳು. 30 ದಿನದಲ್ಲಿ ಉತ್ತರ ಕೊಡಬೇಕು ಅಂತ 2005ರ ಕಾಯ್ದೆ ಹೇಳುತ್ತೆ. ಉತ್ತರ ಬಂದರೂ ಕಲೀತೀಯ, ಬರದಿದ್ದರೆ ಮೇಲ್ಮನವಿ ಹಾಕೋದನ್ನ ಕಲೀತೀಯ.

ಈಗ ಎಮ್ಮೆಲ್ಲೆ ವಿಷಯಕ್ಕೆ ಬರೋಣ. ಶಾಸಕರಾಗೋಕೆ ರಾಜ್ಯಶಾಸ್ತ್ರದ ಡಿಗ್ರಿ ಬೇಕಿಲ್ಲ. ಯಾವ ಡಿಗ್ರಿಯೂ ಬೇಕಿಲ್ಲ. 25 ವರ್ಷ ತುಂಬಿರಬೇಕು ಅಷ್ಟೇ. ನಮ್ಮ ಪಕ್ಕದ ಜಮಖಂಡಿಯ ಬಿ.ಡಿ. ಜತ್ತಿ ಓದಿದ್ದು ಕಾನೂನು. ಪುರಸಭೆಯಿಂದ ಶುರು ಮಾಡಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, ಉಪರಾಷ್ಟ್ರಪತಿಯಾದರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆದರು. ಆಳುವವರಿಗೆ ಈ ವಿಷಯ ಕಡ್ಡಾಯ ಅಲ್ಲ. ಆಳಿಸಿಕೊಳ್ಳುವವರಿಗೆ ಇದರ ಅಗತ್ಯ ಜಾಸ್ತಿ.

ಇನ್ನೊಂದು ಲೆಕ್ಕ ಇದೆ, ಅವತ್ತು ಕೆರೆ ಏರಿ ಮೇಲೆ ನನಗೆ ಹೊಳೆದಿರಲಿಲ್ಲ. ಬಿಎಗೆ ಸೇರುವಾಗ ಮಕ್ಕಳಿಗೆ ಸಾಮಾನ್ಯವಾಗಿ 18. ವೋಟು ಬರೋದು ಆಗಲೇ. ಮೂರು ವರ್ಷ ಮುಗಿಸಿ ಹೊರಬರುವಾಗ 21. ಗ್ರಾಮ ಪಂಚಾಯ್ತಿಗೆ ಸ್ಪರ್ಧಿಸೋಕೆ ಬೇಕಾದ ವಯಸ್ಸು ಅದೇ 21. ಕರ್ನಾಟಕದಲ್ಲಿ ಪಂಚಾಯ್ತಿಯ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಆ ಸ್ಥಾನಗಳಲ್ಲಿ ಹೆಂಡತಿಯ ಹೆಸರಲ್ಲಿ ಗಂಡ ಕೂತು ಅಧಿಕಾರ ನಡೆಸೋದನ್ನ ನಾವೇ ಎಷ್ಟು ಸಲ ತೋರಿಸಿಲ್ಲ?

ಹಾಗಾಗಿ ಯಜಮಾನರೇ, ನಿಮ್ಮ ಪ್ರಶ್ನೆಗೆ ತಡವಾಗಿ ಉತ್ತರ ಕೊಡ್ತಿದ್ದೀನಿ. ನಿಮ್ಮ ಮಗಳು ಎಮ್ಮೆಲ್ಲೆ ಆಗ್ತಾಳೋ ಇಲ್ಲವೋ ನಾನು ಹೇಳಲಾರೆ. ಅವಳು ಆ ಗ್ರಾಮಸಭೆಯಲ್ಲಿ ಎದ್ದು ನಿಂತು, ಕೆರೆಯ ಲೆಕ್ಕ ಕೇಳಿದರೆ, ಯಾವ ಕಾಯ್ದೆಯಲ್ಲಿ ಕೇಳ್ತಿದ್ದೀನಿ ಅಂತಲೂ ಹೇಳಿದರೆ, ನೀವು ಕಟ್ಟಿದ ಫೀಸು ವಸೂಲಾಯ್ತು ಅಂದುಕೊಳ್ಳಿ. ಸೇರಿಸಿ. ಆದರೆ ಗೈಡ್ ಕೊಡಿಸಬೇಡಿ, ಸಂವಿಧಾನ ಕೊಡಿಸಿ.