ಅಪ್ಪನ ಪೆನ್ಷನ್, ಅಪ್ಪನ ಅಂಗಡಿ: ಟ್ಯಾಕ್ಸ್ ಲೆಕ್ಕ ಒಂದೇ



ಅರಸೀಕೆರೆ ಅಂದ್ರೆ ರೈಲ್ವೆ ಜಂಕ್ಷನ್, ಜೊತೆಗೆ ಕೊಬ್ಬರಿ ಮಾರುಕಟ್ಟೆ. ರೈಲ್ವೆಯಿಂದ ರಿಟೈರ್ ಆಗಿ, ಆಮೇಲೆ ಸ್ವಂತ ವ್ಯಾಪಾರಕ್ಕೆ ಇಳಿದವರು ನಿಮ್ಮ ಮನೆಯಲ್ಲೇ ಇರಬಹುದು. ಅಂಥವರು ಸಾಮಾನ್ಯವಾಗಿ ಹೇಳೋ ಮಾತು: "ಪೆನ್ಷನ್ ಟ್ಯಾಕ್ಸ್ ಬ್ಯಾಂಕ್‌ನೋರೇ ನೋಡ್ಕೋತಾರೆ, ಅಂಗಡಿ ಲೆಕ್ಕ ಬೇರೆ." ಇದು ಅರ್ಧ ಮಾತ್ರ ನಿಜ. ಉಳಿದರ್ಧಕ್ಕೆ ಬಡ್ಡಿ ಬೀಳುತ್ತೆ.

ಮೊದಲ ವಿಷಯ. ಕೆಲಸ ಬಿಟ್ಟು ಎಷ್ಟೇ ವರ್ಷ ಆಗಿರಲಿ, ಈಗ ನೀವೇ ಮಾಲೀಕರಾಗಿರಲಿ, ತಿಂಗಳ ಪೆನ್ಷನ್ ತೆರಿಗೆ ಕಾನೂನಿನ ಕಣ್ಣಲ್ಲಿ ಇನ್ನೂ 'ಸಂಬಳ'ವೇ. ಹಾಗಾಗಿ ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತೆ. ಅಂಗಡಿ ಲಾಭ 'ವ್ಯಾಪಾರದ ಆದಾಯ'. ಖಾನೆ ಎರಡು, ಆದರೆ ಕೊನೆಗೆ ಕೂಡಿಸಿ ಒಂದೇ ಮೊತ್ತಕ್ಕೆ ತೆರಿಗೆ.

2025-26ರ ಹಣಕಾಸು ವರ್ಷದ ಒಂದು ಲೆಕ್ಕ ನೋಡೋಣ. ಪೆನ್ಷನ್ ತಿಂಗಳಿಗೆ 50,000, ವರ್ಷಕ್ಕೆ 6 ಲಕ್ಷ. 75,000 ಕಳೆದರೆ 5.25 ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇರೋದ್ರಿಂದ ಬ್ಯಾಂಕ್ ಒಂದು ರೂಪಾಯಿನೂ ಟಿಡಿಎಸ್ ಹಿಡಿಯಲ್ಲ. ಅದಕ್ಕೆ ಗೊತ್ತಿರೋದು ಪೆನ್ಷನ್ ಅಷ್ಟೇ.

ಇದೇ ವ್ಯಕ್ತಿ ಕೊಬ್ಬರಿ ಕೊಂಡು ಮಾರ್ತಾರೆ, ವರ್ಷದ ವಹಿವಾಟು 1.5 ಕೋಟಿ, ದುಡ್ಡೆಲ್ಲ ಬ್ಯಾಂಕ್ ಮತ್ತು ಯುಪಿಐ ಮೂಲಕವೇ ಬರುತ್ತೆ ಅಂದ್ಕೊಳ್ಳಿ. ಸಣ್ಣ ವ್ಯಾಪಾರಿಗಳಿಗೆ ಇರೋ ಅಂದಾಜು ಲಾಭದ ಸ್ಕೀಮ್‌ನಲ್ಲಿ, ಡಿಜಿಟಲ್ ಆಗಿ ಬಂದ ಹಣದ ಕನಿಷ್ಠ 6% ಲಾಭ ತೋರಿಸಬೇಕು. ನಗದಾಗಿದ್ರೆ 8%. ಇಲ್ಲಿ 9 ಲಕ್ಷ ಆಯ್ತು. ಒಂದು ಎಚ್ಚರಿಕೆ: ಕಮಿಷನ್ ಮೇಲೆ ವ್ಯಾಪಾರ ಮಾಡೋ ದಲ್ಲಾಳಿಗಳಿಗೆ ಈ ಸ್ಕೀಮ್ ಇಲ್ಲ.

ಈಗ ಕೂಡಿಸಿ. 5.25 ಮತ್ತು 9, ಒಟ್ಟು 14.25 ಲಕ್ಷ. ರಿಬೇಟ್ ಹೋಯ್ತು. ಸ್ಲ್ಯಾಬ್ ಪ್ರಕಾರ ತೆರಿಗೆ 93,750, ಅದರ ಮೇಲೆ 4% ಸೆಸ್ ಸೇರಿ 97,500 ರೂಪಾಯಿ. ಬ್ಯಾಂಕ್ ಹಿಡಿದದ್ದು ಸೊನ್ನೆ.

ಎರಡನೇ ವಿಷಯ ಇದಕ್ಕಿಂತ ಮುಖ್ಯ. "ಅರವತ್ತು ದಾಟಿದವರಿಗೆ ಅಡ್ವಾನ್ಸ್ ಟ್ಯಾಕ್ಸ್ ಇಲ್ಲ" ಅಂತ ಕೇಳಿರ್ತೀರ. ಆ ವಿನಾಯಿತಿ ವ್ಯಾಪಾರದ ಆದಾಯ ಇಲ್ಲದ ಹಿರಿಯರಿಗೆ ಮಾತ್ರ. ಅಂಗಡಿ ಇದ್ದು, ಟಿಡಿಎಸ್ ಕಳೆದ ಮೇಲೂ 10,000 ಅಥವಾ ಅದಕ್ಕಿಂತ ಹೆಚ್ಚು ತೆರಿಗೆ ಉಳಿದರೆ, ಅಂದಾಜು ಲಾಭದ ಸ್ಕೀಮ್‌ನವರು ಪೂರ್ತಿ ಮೊತ್ತವನ್ನ ಮಾರ್ಚ್ 15ರೊಳಗೆ ಕಟ್ಟಬೇಕು. ಬಿಟ್ಟು ಜುಲೈನಲ್ಲಿ ಕಟ್ಟಿದ್ರೆ, ನಮ್ಮ ಉದಾಹರಣೆಯಲ್ಲಿ ಬಡ್ಡಿಯೇ 4,875 ರೂಪಾಯಿ. ಎಪ್ಪತ್ತೈದು ದಾಟಿದ ಕೆಲವರಿಗೆ ರಿಟರ್ನ್ ಸಲ್ಲಿಸೋದರಿಂದಲೇ ಬಿಡುಗಡೆ ಇದೆಯಲ್ಲ? ಅದೂ ಪೆನ್ಷನ್ ಮತ್ತು ಬ್ಯಾಂಕ್ ಬಡ್ಡಿ ಮಾತ್ರ ಇರೋರಿಗೆ.

ಇನ್ನು ಬೇಲೂರು, ಹಳೇಬೀಡು ಕಡೆ ಬನ್ನಿ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ದೇವಸ್ಥಾನಗಳ ಹತ್ತಿರ ಅಮ್ಮ ಒಂದು ಸಣ್ಣ ಅಂಗಡಿ ನಡೆಸ್ತಾರೆ, ತೀರಿಹೋದ ಅಪ್ಪನ ಕೆಲಸದಿಂದ ಫ್ಯಾಮಿಲಿ ಪೆನ್ಷನ್ ಬರುತ್ತೆ ಅಂದ್ಕೊಳ್ಳಿ. ಅದು ಸಂಬಳ ಅಲ್ಲ, 'ಇತರ ಮೂಲದ ಆದಾಯ'. ಅದಕ್ಕೆ 75,000 ಸಿಗಲ್ಲ. ಪೆನ್ಷನ್‌ನ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟು ಕಳೆಯಬಹುದು. ರಿಟರ್ನ್ ತುಂಬುವಾಗ ಈ ಖಾನೆ ತಪ್ಪಬಾರದು.

ಮೂರನೇದು, ಹಳೇ ಪದ್ಧತಿ. ಬರೀ ಪೆನ್ಷನ್ ಇರೋರು ಪ್ರತಿ ವರ್ಷ ಹಳೇದೋ ಹೊಸದೋ ಆರಿಸ್ಕೋಬಹುದು. ವ್ಯಾಪಾರ ಇರೋರು ಹಳೇದಕ್ಕೆ ಹೋದ್ರೆ, ಹೊಸದಕ್ಕೆ ವಾಪಸ್ ಬರೋ ಅವಕಾಶ ಒಂದೇ ಸಲ. ಹಾಗಾಗಿ ಯಾರೋ ಹೇಳಿದ್ರು ಅಂತ ಬದಲಾಯಿಸಬೇಡಿ, ಎರಡೂ ಲೆಕ್ಕ ಹಾಕಿ ನೋಡಿ.

ಮನೇಲಿ ಸ್ಮಾರ್ಟ್‌ಫೋನ್ ಚೆನ್ನಾಗಿ ಬಳಸೋರು ನೀವೇ ತಾನೇ? ಫೆಬ್ರವರಿಯಲ್ಲಿ ಒಂದು ಸಂಜೆ ಅಪ್ಪನ ಜೊತೆ ಕೂತ್ಕೊಳ್ಳಿ. ಪಾಸ್‌ಬುಕ್‌ನಿಂದ ಪೆನ್ಷನ್, ಯುಪಿಐ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ ಅಂಗಡಿ ವಹಿವಾಟು, ಎಫ್‌ಡಿ ಬಡ್ಡಿ, ಎಲ್ಲಾ ಒಂದೇ ಹಾಳೆ ಮೇಲೆ ಬರೀರಿ. ಒಟ್ಟು 12 ಲಕ್ಷ ದಾಟಿದ್ರೆ, ಮಾರ್ಚ್ 15ಕ್ಕೆ ಮುಂಚೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಟ್ಟಿಬಿಡಿ.

ಮುಂದಿನ ವಾರ ಸಿಗೋಣ.